ಹತ್ತೊಂಬತ್ತನೆಯ ಹಣೆ

ನನ್ನ ಅಪ್ಪ ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಬಂದವನು. ಗುಂಡು ಹಾರಿಸಿದವನಲ್ಲ, ಲಾರಿ ಓಡಿಸಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಿಲಿಟರಿಯವನ ಮಗಳು ಅಂದ ಕೂಡಲೇ ಎದುರಿನವರ ಮುಖ ಅರಳುತ್ತದೆ, ಲಾರಿ ಡ್ರೈವರ್ ಅಂದ ಕೂಡಲೇ ಇಳಿದುಹೋಗುತ್ತದೆ. ಹಾಗೆ ಇಳಿಯುವ ಮುಖಗಳನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಮೈ ಉರಿಯುತ್ತದೆ. ಅಕ್ಕಿ, ಬೇಳೆ, ಆಲೂಗಡ್ಡೆ, ಸೀಮೆಎಣ್ಣೆ ಹೊತ್ತ ಲಾರಿ ಹೋಗದಿದ್ದರೆ ಗುಂಡು ಹಾರಿಸುವವರು ಏನು ತಿಂದು ಹಾರಿಸುತ್ತಿದ್ದರು?

ಮಿಲಿಟರಿ ಕ್ಯಾಂಟೀನಿನಲ್ಲಿ ಕೊಂಡ ಡಬ್ಬದಂಥ ಒಂದು ಕ್ಯಾಮೆರಾ ಅಪ್ಪನ ಹತ್ತಿರ ಇತ್ತು. ಅದನ್ನು ಹೊಟ್ಟೆಗೆ ಆನಿಸಿಕೊಂಡು, ಮೇಲಿನಿಂದ ಬಗ್ಗಿ ನೋಡಿ ಚಿತ್ರ ತೆಗೆಯಬೇಕು. ಬಿಸಿಲು ಯಾವಾಗಲೂ ಬೆನ್ನಿಗಿರಲಿ ಎಂದು ಮಾರಿದವನು ಹೇಳಿದ್ದನಂತೆ. ಅಪ್ಪ ಅದನ್ನು ಮೇಲಧಿಕಾರಿಯ ಆಜ್ಞೆ ಎಂದೇ ತಿಳಿದ. ಹಾಗಾಗಿ ಅವನು ತೆಗೆದ ಅರವತ್ತೆರಡು ಚಿತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಕೆಳಗಡೆ ಅವನ ನೆರಳು ಬಿದ್ದಿದೆ. ತಲೆಯ ಮೇಲೆ ಟೋಪಿ, ಎರಡು ಕಡೆ ಚಾಚಿದ ಮೊಣಕೈ. ಚಿಕ್ಕವರಿದ್ದಾಗ ನಾನೂ ನನ್ನ ಅಣ್ಣನೂ ಒಂದೊಂದು ಚಿತ್ರ ಹಿಡಿದು ಅಪ್ಪ ಎಲ್ಲಿದ್ದಾನೆ ಎಂದು ಹುಡುಕುತ್ತಿದ್ದೆವು. ಅಪ್ಪನ ಮುಖ ಮಾತ್ರ ಒಂದರಲ್ಲೂ ಇಲ್ಲ. ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡುವ ಧೈರ್ಯ ಅವನಿಗೆ ಇರಲಿಲ್ಲವೋ ಏನೋ.

ಯುದ್ಧದ ಚಿತ್ರ ಅಂದರೆ ಟ್ಯಾಂಕು, ಬೆಂಕಿ, ಹೊಗೆ ಇರುತ್ತದೆ ಎಂದುಕೊಂಡು ನೋಡಲು ಬಂದ ಅಕ್ಕಿಹೆಬ್ಬಾಳಿನ ನಮ್ಮ ಕೇರಿಯವರೆಲ್ಲ ಸಪ್ಪೆ ಮೋರೆ ಹಾಕಿಕೊಂಡು ಹೋದರು. ಅಪ್ಪ ತೆಗೆದದ್ದು ಕೆಸರಿನಲ್ಲಿ ಹೂತ ಚಕ್ರವನ್ನು, ದೊಡ್ಡ ತಪ್ಪಲೆಯಲ್ಲಿ ಅನ್ನ ಬಸಿಯುವವನನ್ನು, ಲಾರಿಯ ಮೂತಿಯ ಮೇಲೆ ಮಲಗಿದ ನಾಯಿಯನ್ನು, ಹಗ್ಗದ ಮೇಲೆ ಒಣಗುವ ಚಡ್ಡಿಗಳನ್ನು, ಸೆರೆಸಿಕ್ಕ ಎದುರು ಪಕ್ಷದ ಸಿಪಾಯಿಗಳು ತಗಡಿನ ತಟ್ಟೆ ಹಿಡಿದು ಊಟಕ್ಕೆ ಸಾಲು ನಿಂತದ್ದನ್ನು. ಎಲ್ಲಕ್ಕಿಂತ ದೊಡ್ಡದು ಒಂದು ಗುಂಪಿನ ಚಿತ್ರ. ಲಾರಿಯ ಮುಂದೆ ಹದಿನೆಂಟು ಜನ ಮೂರು ಸಾಲಾಗಿ ನಿಂತಿದ್ದಾರೆ, ಕೂತಿದ್ದಾರೆ. ಅವರ ಕಾಲಿನ ಬಳಿ ಹುಲ್ಲಿನ ಮೇಲೆ ಅಪ್ಪನ ನೆರಳು ಉದ್ದಕ್ಕೆ ಮಲಗಿದೆ.

ನಾನು ಹೇಳಲು ಹೊರಟಿರುವುದು ಈ ಒಂದು ಚಿತ್ರದ ಕಥೆ.

ನಮ್ಮ ಕಡೆ ಮಾರ್ನಮಿ ಹಬ್ಬಕ್ಕೆ ಸತ್ತ ಹಿರಿಯರಿಗೆ ಎಡೆಯಿಡುತ್ತೇವೆ. ಕಳಸ ಕೂರಿಸಿ, ಹೊಸ ಪಂಚೆ ಸೀರೆ ಮಡಿಸಿಟ್ಟು, ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ ಬಡಿಸುತ್ತೇವೆ. ಸತ್ತವರು ಬೀಡಿ ಸೇದುತ್ತಿದ್ದರೆ ಬೀಡಿಯ ಕಟ್ಟೂ ಉಂಟು. ಅವರ ಫೋಟೋಗಳು ಗೋಡೆಯಿಂದ ಇಳಿದು ಕಳಸದ ಪಕ್ಕ ಕೂರುತ್ತವೆ, ಹಣೆಗೆ ಕುಂಕುಮದ ಬೊಟ್ಟು ಬೀಳುತ್ತದೆ. ಬದುಕಿರುವವರ ಫೋಟೋಗೆ ಯಾರೂ ಬೊಟ್ಟಿಡುವುದಿಲ್ಲ.

ಯುದ್ಧ ಮುಗಿದು ಅಪ್ಪ ಮೊದಲ ಸಲ ಊರಿಗೆ ಬಂದದ್ದು ಮಾರ್ನಮಿ ಸಮಯಕ್ಕೇ. ಆ ಗುಂಪಿನ ಚಿತ್ರವನ್ನು ತಂದು ನಮ್ಮ ತಾತನ ಫೋಟೋದ ಪಕ್ಕ ನಿಲ್ಲಿಸಿದ. ಹದಿನೆಂಟು ಜನರಲ್ಲಿ ಇಬ್ಬರು, ಚಿತ್ರ ತೆಗೆದ ಐದನೆಯ ದಿನ, ಅಪ್ಪನ ಮುಂದಿನ ಲಾರಿಯಲ್ಲಿ ಹೋಗುತ್ತಾ ನೆಲಬಾಂಬು ಸಿಡಿದು ಸತ್ತಿದ್ದರು. ಅವರಿಗೂ ಬೊಟ್ಟಿಡು ಎಂದು ಅವ್ವನಿಗೆ ಹೇಳಿದ. ಅಜ್ಜಿ ಸಿಡುಕಿದಳು.

"ಯಾವೂರೋ, ಯಾವ ಕುಲವೋ. ಅಂತೋರ್ಗೆಲ್ಲ ನಮ್ಮನೇಲಿ ಎಡೆ ಮಡಗ್ತಾರೇನ್ಲಾ?"

"ಒಂದೇ ತಪ್ಪಲೇಲಿ ಉಂಡಿವ್ನಿ ಕಣವ್ವ ಅವ್ರ ಜೊತೆ. ಅವ್ರಿಗಿಲ್ದಿದ್ರೆ ನಂಗೂ ಬ್ಯಾಡ ಬುಡು," ಅಂದ ಅಪ್ಪ.

ಅವ್ವ ಇಬ್ಬರ ಮಾತಿಗೂ ಕಾಯಲಿಲ್ಲ. ಬೇವಿನ ಕಡ್ಡಿಯೊಂದನ್ನು ಚೂಪು ಮಾಡಿ, ನೀರಿನಲ್ಲಿ ಕಲಸಿದ ಕುಂಕುಮದಲ್ಲಿ ಅದ್ದಿ, ಕಡಲೆಬೇಳೆಯಷ್ಟು ದೊಡ್ಡ ಆ ಮುಖಗಳ ಹಣೆಗೆ ಸಾಸಿವೆಯಷ್ಟು ಬೊಟ್ಟಿಟ್ಟಳು. ಅವರಲ್ಲೊಬ್ಬ ಪೇಟ ಸುತ್ತಿದವನು, ಹಣೆಯೇ ಕಾಣದು. ಅವನಿಗೆ ಹುಬ್ಬುಗಳ ನಡುವೆ ಇಟ್ಟಳು. ಅಪ್ಪ ಟ್ರಂಕಿನಿಂದ ರಮ್ಮಿನ ಬಾಟಲಿ ತಂದು ಹಿತ್ತಾಳೆ ಲೋಟಕ್ಕೆ ಬಗ್ಗಿಸಿ ಎಡೆಯ ಪಕ್ಕ ಇಟ್ಟ. ಅಜ್ಜಿ ಮೂಗು ಮುಚ್ಚಿಕೊಂಡು ಹೊರಗೆ ಹೋದಳು.

ಆಮೇಲೆ ವರ್ಷಕ್ಕೋ, ಎರಡು ವರ್ಷಕ್ಕೋ ಅಂಚೆಯವನು ಮೂಲೆ ಹರಿದ ಒಂದು ಕಾರ್ಡು ತರುತ್ತಿದ್ದ. ಉತ್ತರದವರು ಸಾವಿನ ಸುದ್ದಿಯನ್ನು ಹಾಗೆ ಮೂಲೆ ಹರಿದು ಕಳಿಸುತ್ತಾರಂತೆ. ಮಾರ್ನಮಿಗೆ ಇನ್ನೊಂದು ಹಣೆ ಕೆಂಪಾಗುತ್ತಿತ್ತು. ಒಬ್ಬ ತೆಂಗಿನಮರದಿಂದ ಬಿದ್ದು ಸತ್ತ, ಒಬ್ಬ ಕಾಮಾಲೆಯಿಂದ, ಒಬ್ಬ ಬಸ್ಸಿಗೆ ಸಿಕ್ಕಿ, ಒಬ್ಬ ಹಾವು ಕಚ್ಚಿ, ಇನ್ನೊಬ್ಬ ಸುಮ್ಮನೆ ಮುಪ್ಪಾಗಿ. ಅವ್ವನಿಗೆ ಯಾರ ಹೆಸರೂ ನಾಲಗೆಗೆ ಹೊರಳುತ್ತಿರಲಿಲ್ಲ. ಹಲ್ಲುಬ್ಬ, ಉದ್ದಮೂಗು, ಪೇಟದೋನು, ಅಡಿಗೆಯೋನು ಎಂದು ತಾನೇ ಹೆಸರಿಟ್ಟಿದ್ದಳು. ಕಾಣದ ಗಂಡಸರಿಗಾಗಿ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು.

ಆ ಹದಿನೆಂಟು ಜನರಲ್ಲಿ ಅವಳು ಕಣ್ಣಾರೆ ಕಂಡವನು ಒಬ್ಬನೇ, ಪಡೆಯ ಕ್ಷೌರದವನು. ಅಪ್ಪ ಪೆನ್ಷನ್ ಆಗಿ ಬಂದ ಮೇಲೆ ಒಂದು ಸಲ ಅದೆಲ್ಲಿಂದಲೋ ರೈಲು ಹತ್ತಿ ನಮ್ಮೂರಿನ ಸ್ಟೇಷನ್ನಿನಲ್ಲಿ ಇಳಿದ. ಎರಡು ದಿನ ಇದ್ದ. ಜಗಲಿಯ ಮೇಲೆ ಕೂತು ಅಪ್ಪನ ಗಡ್ಡ, ಅಣ್ಣನ ತಲೆ, ಬೇಡ ಬೇಡ ಅಂದರೂ ಕೇಳದೆ ಅಕ್ಕಪಕ್ಕದ ನಾಲ್ಕು ಮುದುಕರ ಮುಖ ಕೆರೆದ. ಮುದ್ದೆಯನ್ನು ನುಂಗದೆ ಚಕ್ಕುಲಿ ಅಗಿದಂತೆ ಅಗಿದು ಎಲ್ಲರನ್ನೂ ನಗಿಸಿದ. ಹೋಗುವಾಗ ಅವ್ವನ ಕಾಲು ಮುಟ್ಟಿದ. ನನ್ನ ತಮ್ಮನೊಬ್ಬ ಬಂದು ಹೋದ ಹಾಗಾಯಿತು ಎಂದು ಅವ್ವ ತಿಂಗಳುಗಟ್ಟಲೆ ಹೇಳಿಕೊಂಡಳು.

ತೊಂಬತ್ನಾಲ್ಕೋ ತೊಂಬತ್ತೈದೋ ಇರಬೇಕು. ನಾನು ಆಗ ನಾಗಮಂಗಲದಲ್ಲಿ ಮನೆ ಮಾಡಿಕೊಂಡು ಬಿಂಡಿಗನವಿಲೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ದಿನಾ ಬೆಳಿಗ್ಗೆ ಕುರಿಮಂದೆಗೆ ದಾರಿ ಬಿಟ್ಟುಕೊಡುವ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಒಂದು ಪತ್ರಾಗಾರ ತೆರೆದಿದ್ದಾರೆ, ಸಿಪಾಯಿಗಳ ಕಾಗದ, ಚಿತ್ರ ಇದ್ದವರು ಕೊಟ್ಟರೆ ಕಾಪಾಡುತ್ತಾರೆ ಎಂದು ಪೇಪರಿನ ಮೂಲೆಯಲ್ಲಿ ಬಂದಿತ್ತು. ಅಪ್ಪನಿಗೆ ಹೇಳಿದೆ. ಹೊಳೆದಂಡೆಯ ಊರಿನ ಥಂಡಿಗೆ ಚಿತ್ರಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದ್ದವು. ನಾಯಿಯ ಚಿತ್ರ ಬಿಡಿಸುವಾಗ ಅದರ ಬಾಲ ಅಡಿಗೆಯವನ ತಪ್ಪಲೆಗೆ ಹತ್ತಿಕೊಂಡು ಬಂದು ಅಪ್ಪ ಇಡೀ ದಿನ ಊಟ ಬಿಟ್ಟಿದ್ದ.

"ಕೊಟ್ಬುಡಾನ," ಅಂದ. "ನಾನೊಬ್ನೇ ಮಡೀಕೊಂಡಿರಾದ್ಕೆ ಇದೇನ್ ನನ್ ಆಸ್ತಿಯೇ? ಇದು ಅವ್ರದು."

ಅಪ್ಪ, ಅವ್ವ, ನಾನು ಮೂವರೂ ಹೊರಟೆವು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ, ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿ, ಮಧ್ಯಾಹ್ನದ ಹೊತ್ತಿಗೆ ಶ್ರೀರಂಗಪಟ್ಟಣ ಸೇರಿದೆವು. ಬಿಸ್ಕತ್ತಿನ ತಗಡಿನ ಡಬ್ಬವನ್ನು ಅಪ್ಪ ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಕೋಟೆಯ ಒಳಗೆ, ಹೆಂಚಿನ ಹಳೆಯ ಕಟ್ಟಡ. ಅಲ್ಲಿನ ಅಧಿಕಾರಿ ಮೆಲುದನಿಯವರು, ಕೈಗೆ ಬಿಳಿ ಬಟ್ಟೆಯ ಗವಸು ಹಾಕಿಕೊಂಡು ಒಂದೊಂದೇ ಚಿತ್ರವನ್ನು ಅಂಚು ಹಿಡಿದು ಎತ್ತಿ ನೋಡಿದರು. ನಮ್ಮ ಮನೆಯ ಹಪ್ಪಳಕ್ಕೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಅಪ್ಪನ ಎದೆ ಉಬ್ಬಿತು. ಗುಂಪಿನ ಚಿತ್ರಕ್ಕೆ ಬಂದಾಗ ಅವರು ಅಯ್ಯೋ ಎಂದು ನಾಲಗೆ ಕಚ್ಚಿಕೊಂಡರು.

"ಯಾರು ಹೀಗೆ ಮಾಡಿದ್ದು? ಕುಂಕುಮದಲ್ಲಿ ಅರಿಶಿನ, ಸುಣ್ಣ ಎಲ್ಲ ಇರುತ್ತೆ. ಕಾಗದವನ್ನು ತಿನ್ನುತ್ತೆ. ಪರವಾಗಿಲ್ಲ, ನಮ್ಮಲ್ಲಿ ಔಷಧಿ ಇದೆ, ತೆಗೆದುಬಿಡಬಹುದು."

"ತಗೀಬ್ಯಾಡಿ ಸಾಮಿ," ಅಂದಳು ಅವ್ವ. ಅವಳು ಹೊರಗಿನವರ ಮುಂದೆ ಬಾಯಿ ತೆರೆದದ್ದನ್ನು ನಾನು ಅಷ್ಟಾಗಿ ಕಂಡಿರಲಿಲ್ಲ. "ಸತ್ತೋರ್ ಹಣೇದು ಅಳಿಸ್ಬಾರ್ದು. ಅದ್ನ ಅಳಿಸೋದಾದ್ರೆ ಡಬ್ಬಾನೇ ವಾಪಸ್ ಕೊಟ್ಬುಡಿ, ನಮ್ ಪಾಡ್ಗೆ ನಾವ್ ಓಯ್ತೀವಿ."

ಅಪ್ಪ ಬಿಡಿಸಿ ಹೇಳಿದ. ಈ ಏಳು ಬೊಟ್ಟು ಯಾಕೆ, ಉಳಿದ ಹನ್ನೊಂದು ಹಣೆ ಯಾಕೆ ಖಾಲಿ ಇದೆ, ಅವರ ಸುದ್ದಿ ಬಂದಾಗಲೂ ಇವಳು ಬಂದು ಇಡಬೇಕಾಗುತ್ತದೆ ಎಂದ. "ಆಮ್ಯಾಕೆ ನಂದೂ ಒಂದೈತೆ," ಎಂದು ನಕ್ಕ. ಅಧಿಕಾರಿ ಆಗಲಿ, ಆಗಲಿ ಎಂದರು. ದಾನಪತ್ರ ಬರೆದದ್ದು ನಾನು. ಷರತ್ತು ಎಂಬ ಜಾಗದಲ್ಲಿ, ಬೊಟ್ಟುಗಳನ್ನು ಅಳಿಸಬಾರದು ಎಂದು ದುಂಡಗೆ ಬರೆದೆ. ಮುಂದಿನ ಬೊಟ್ಟುಗಳನ್ನು ಇಡಲು ಬಿಡಬೇಕು ಎಂಬುದನ್ನು ಬರೆಯಲಿಲ್ಲ. ಅವರು ಬಾಯಿಬಿಟ್ಟು ಒಪ್ಪಿದ್ದಾರಲ್ಲ ಎಂದುಕೊಂಡೆ. ಬಾಯಲ್ಲಿ ಹೇಳಿದ್ದಕ್ಕೆ ಮಾರ್ಕ್ಸಿಲ್ಲ, ಬರೆದರೆ ಮಾತ್ರ ಎಂದು ದಿನಾ ಮಕ್ಕಳಿಗೆ ಹೇಳುವವಳು ನಾನೇ. ಆ ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಅಪ್ಪನನ್ನು ಕೇಳಿದಳು.

"ನಿಮ್ದು ಎಲ್ಲಿ ಮಡಗ್ಲಿ? ನಿಮ್ ಮಕವೇ ಇಲ್ವಲ್ಲ ಅದ್ರಲ್ಲಿ."

"ಮುಂದ್ಗಡೆ ಉದ್ದಕ್ಕೆ ಬಿದ್ದಿವ್ನಲ್ಲ," ಅಂದ ಅಪ್ಪ. "ಟೋಪಿ ಕೆಳೀಕೆ ಮಡಗು."

ಖಾಲಿ ತೊಡೆಯ ಮೇಲೆ ಕೈ ಎಲ್ಲಿಡಬೇಕು ಎಂದು ಅವನಿಗೆ ಊರು ಬರುವವರೆಗೂ ಗೊತ್ತಾಗಲಿಲ್ಲ.

ಎರಡು ವರ್ಷದ ಮೇಲೆ ಕ್ಷೌರದವನ ಕಾರ್ಡು ಬಂತು. ಮೂಲೆ ಹರಿದಿತ್ತು. ಅವ್ವ ಅಡಿಗೆಮನೆಯಲ್ಲಿ ಕೂತು ಮನಸಾರೆ ಅತ್ತಳು. ಆಮೇಲೆ ಎದ್ದು, ಕುಂಕುಮವನ್ನು ಸಣ್ಣ ಪೊಟ್ಟಣ ಕಟ್ಟಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಾರ್ನಮಿಯ ಹಿಂದಿನ ದಿನ ಮತ್ತೆ ಮೂವರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಅವ್ವ ಅದನ್ನು ಫೋಟೋ ಆಪೀಸು ಅನ್ನುತ್ತಿದ್ದಳು. ಫೋಟೋ ಆಪೀಸಿನ ಅಧಿಕಾರಿ ನಮ್ಮನ್ನು ಗುರುತು ಹಿಡಿದರು, ಕಾಫಿ ತರಿಸಿದರು, ಬೊಟ್ಟಿನ ಮಾತೆತ್ತಿದ ಕೂಡಲೇ ತಲೆ ಅಲ್ಲಾಡಿಸಿದರು.

"ಅಂದು ಏನೋ ಮಾತಿಗೆ ಅಂದಿರಬಹುದು. ಆದರೆ ಇಲ್ಲಿಗೆ ಬಂದ ಮೇಲೆ ಚಿತ್ರ ಹೇಗಿತ್ತೋ ಹಾಗೇ ಇರಬೇಕು. ಕಾಪಾಡುವುದು ಅಂದರೆ ಅದೇ."

"ನೀವು ಮಾತು ಕೊಟ್ಟಿದ್ದಿರಿ," ಅಂದೆ.

ಅವರು ದೊಡ್ಡ ರಿಜಿಸ್ಟರು ತೆರೆದು ನನ್ನ ಮುಂದಿಟ್ಟರು. ಅಪ್ಪನ ಅರವತ್ತೆರಡು ಚಿತ್ರಗಳಿಗೂ ಒಂದೊಂದು ಸಾಲು ಇತ್ತು. ಗುಂಪಿನ ಚಿತ್ರದ ಎದುರು, ದೋಷ ಎಂಬ ತಲೆಬರಹದ ಕೆಳಗೆ, "ಏಳು ಕೆಂಪು ಕಲೆ" ಎಂದು ಬರೆದಿತ್ತು. ಷರತ್ತಿನ ಜಾಗದಲ್ಲಿ ನನ್ನದೇ ಮಾತು, ಅಳಿಸಬಾರದು ಅಂತ. ಇಡಬಹುದು ಅಂತ ಎಲ್ಲಿದೆ ತೋರಿಸಿ ಎಂದು ಅವರು ಕೇಳಲಿಲ್ಲ, ಅಷ್ಟು ಒಳ್ಳೆಯವರು. ಆ ಒಳ್ಳೆಯತನ ನನ್ನನ್ನು ಇನ್ನಷ್ಟು ಕೆರಳಿಸಿತು. ಕಲೆಯಂತೆ! ನಮ್ಮ ಅವ್ವ ಇಪ್ಪತ್ತು ವರ್ಷ ಕಣ್ಣು ಕಿರಿದು ಮಾಡಿಕೊಂಡು ಇಟ್ಟದ್ದು ಅವರ ಪುಸ್ತಕದಲ್ಲಿ ಬಟ್ಟೆಗೆ ಬಿದ್ದ ಸಾರಿನ ಹಾಗೆ ಕಲೆ. ನಾನು ದನಿ ಏರಿಸಿದೆ. ಪಕ್ಕದ ಕೋಣೆಯಿಂದ ಇಬ್ಬರು ಇಣುಕಿ ನೋಡುವಷ್ಟು ಏರಿಸಿದೆ. ಅಪ್ಪ ನನ್ನ ಮೊಣಕೈ ಹಿಡಿದು ಎಬ್ಬಿಸಿದ.

"ಆರ್ಡರ್ ಆಯ್ತಲ್ಲ, ನಡಿ."

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಾನೂ ಅಪ್ಪನೂ ಜಗಳ ಆಡಿದೆವು. ಆಡಿದವಳು ನಾನು, ಅವನು ಕಡಲೆಕಾಯಿ ಬಿಡಿಸುತ್ತಿದ್ದ. ಯಾರೋ ಬೇಡ ಅಂದರೆ ಬಾಲ ಮುದುರಿಕೊಂಡು ಬರುವುದಕ್ಕಾ ನೀನು ಯುದ್ಧಕ್ಕೆ ಹೋಗಿದ್ದು ಎಂದು ಕೇಳಿದೆ. ಕೇಳಬಾರದಿತ್ತು.

"ಕೊಟ್ಮ್ಯಾಕೆ ನಮ್ದಲ್ಲ ಕಣ್ ಮಗ," ಅಂದ.

"ಬೊಟ್ಟು ಕೊಟ್ಟಿಲ್ಲ ನಾನು," ಅಂದಳು ಅವ್ವ, ರಸ್ತೆಯ ಕಡೆ ನೋಡುತ್ತಾ. "ಫೋಟೋ ಕೊಟ್ಟಿವ್ನಿ, ಬೊಟ್ಟು ನಂದೇ."

ಆ ಮಾರ್ನಮಿಗೆ ಕ್ಷೌರದವನ ಎಡೆಯ ಮುಂದೆ ಫೋಟೋ ಇರಲಿಲ್ಲ. ಅಪ್ಪ ಅವನು ಬಿಟ್ಟುಹೋಗಿದ್ದ ಒಂದು ಹಳೆಯ ಬಾಚಣಿಗೆ ಹುಡುಕಿ ತಂದು ಇಟ್ಟ. ಅವ್ವ ಬಾಚಣಿಗೆಗೆ ಕುಂಕುಮ ಹಚ್ಚಲಿಲ್ಲ, ಪೊಟ್ಟಣವನ್ನು ಕಾಳಿನ ಮಡಕೆಯ ಹಿಂದೆ ಎತ್ತಿಟ್ಟಳು. ನಾನು ಪತ್ರಾಗಾರಕ್ಕೆ ನಾಲ್ಕು ಕಾಗದ ಬರೆದೆ. ನಿಮ್ಮ ಪತ್ರ ತಲುಪಿದೆ ಎಂಬ ಅಚ್ಚುಹಾಕಿದ ಒಂದು ಕಾರ್ಡು ಬಂತು.

ತೊಂಬತ್ತೊಂಬತ್ತರ ಬೇಸಿಗೆಯ ಹೊತ್ತಿಗೆ ಅಪ್ಪನಿಗೆ ಉಬ್ಬಸ ಹಿಡಿಯಿತು. ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದ. ನನ್ನ ಸ್ಕೂಲಿಗೆ ಹತ್ತಿರವೆಂದು ಅಲ್ಲಿಗೇ ಸೇರಿಸಿದ್ದೆವು. ಕೊನೆಯ ದಿನಗಳಲ್ಲಿ ಅವನು ಚಿತ್ರಗಳ ವಿಷಯ ಎತ್ತಲಿಲ್ಲ. ಲಾರಿಯ ಗೇರು ಬದಲಾಯಿಸುವಂತೆ ಎಡಗೈ ಆಡಿಸುತ್ತಿದ್ದ. ಪಾಂಡವಪುರದಲ್ಲಿ ಅಂದ ಮಾತಿಗೆ ಕ್ಷಮಿಸು ಎಂದು ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಕೇಳಲಿಲ್ಲ, ಅವನು ಹೋದ.

ಹನ್ನೊಂದನೆಯ ದಿನ ನೆಂಟರ ಹೆಂಗಸರು ಅವ್ವನ ಬಳೆ ತೆಗೆದರು, ಹಣೆ ಒರೆಸಿದರು. ಅವಳು ಅದಕ್ಕೆಲ್ಲ ಒಡ್ಡಿಕೊಂಡಳು. ಆದರೆ ಕುಂಕುಮದ ಭರಣಿಯನ್ನು ಎತ್ತಿಕೊಂಡು ಹೋಗಲು ನಮ್ಮ ಸೋದರತ್ತೆ ಕೈ ಚಾಚಿದಾಗ ಅವ್ವ ಅದನ್ನು ಮಡಿಲಿಗೆ ಎಳೆದುಕೊಂಡಳು.

"ಇದು ನನ್ ಹಣೇಗಲ್ಲ ಕಣವ್ವ. ಬ್ಯಾರೆಯೋರ್ದು ಬಾಕಿ ಐತೆ."

ಅಣ್ಣನಿಗೆ ಮುಜುಗರ. ಅವನು ಕೆಟ್ಟವನಲ್ಲ, ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಊರಿನವರ ಮುಖ ನೋಡಬೇಕಾದವನು. "ಗಂಡ ಸತ್ತೋಳು ಕುಂಕುಮ ಮುಟ್ಟುದ್ರೆ ಜನ ಏನಂದಾರವ್ವ? ಮುತ್ತೈದೇರು ಯಾರಾರ ಮಡಗ್ಲಿ ಬುಡು," ಎಂದ.

"ಯಾರಂದ್ರೆ ಅವ್ರು ಮಡಗಾಕೆ ಅದೇನ್ ಗ್ವಾಡೆಗೆ ಸುಣ್ಣ ಬಳ್ಯೋ ಕೆಲ್ಸವ್ಲಾ?" ಅಂದಳು ಅವ್ವ. "ಒಬ್ಬೊಬ್ರ ಮಕಾನೂ ನಂಗ್ಗೊತ್ತು. ನಾನೇ ಮಡಗೋದು. ಅನ್ನೋರು ಅಂದ್ಕೊಳ್ಳಿ."

ಆ ಕ್ಷಣ ನನಗೆ ಅವಳ ಮೇಲೆ ಬಂದ ಪ್ರೀತಿಯನ್ನು ಏನೆಂದು ಹೇಳಲಿ. ಇಷ್ಟು ವರ್ಷ ಮನೆಯಲ್ಲಿ ಗಟ್ಟಿಗಿತ್ತಿ ನಾನೊಬ್ಬಳೇ ಎಂದುಕೊಂಡಿದ್ದೆ.

ಅದೇ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಬಂತು. ಸಿಪಾಯಿ ಎಂದರೆ ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾಯಿತು. ನಮ್ಮ ಸ್ಕೂಲಿನ ಗೋಡೆಯ ಮೇಲೂ ಬಂದೂಕು ಹಿಡಿದವರ ಚಿತ್ರಗಳು ಬಂದವು. ಮಾರ್ನಮಿಗೆ ವಾರವಿದೆ ಎನ್ನುವಾಗ ಪತ್ರಾಗಾರದಿಂದ ಬಣ್ಣದ ಆಹ್ವಾನ ಪತ್ರಿಕೆ ಬಂತು. ವೀರಯೋಧರ ಛಾಯಾಚಿತ್ರ ಪ್ರದರ್ಶನ. ನನ್ನ ನಾಲ್ಕು ಕಾಗದಕ್ಕೆ ಉತ್ತರ ಕೊಡದವರಿಗೆ ನಮ್ಮ ವಿಳಾಸ ಮರೆತಿರಲಿಲ್ಲ. ಅವ್ವ ಕಾಳಿನ ಮಡಕೆಯ ಹಿಂದಿನ ಪೊಟ್ಟಣ ತೆಗೆದು ನೋಡಿದಳು. ಕುಂಕುಮ ಬಣ್ಣಗೆಟ್ಟಿತ್ತು. ಭರಣಿಯಿಂದ ಹೊಸದನ್ನು ಕಟ್ಟಿಕೊಂಡಳು, ಬೇವಿನ ಕಡ್ಡಿಯನ್ನೂ ಚೂಪು ಮಾಡಿಕೊಂಡಳು. ಈ ಸಲ ಇಬ್ಬರೇ ಹೊರಟೆವು.

ಪತ್ರಾಗಾರದ ಸಭಾಂಗಣದ ನಡುವೆ ಒಂದು ದೊಡ್ಡ ಮೇಜು. ಅದರ ಮೇಲೆ ಗುಂಪಿನ ಚಿತ್ರ, ಮೇಲೆ ಮೇಜಿನಗಲದ ದಪ್ಪ ಗಾಜು, ಸುತ್ತ ಚೆಂಡುಹೂವು. ಜನ ಸಾಲಾಗಿ ಬಂದು ಕೈ ಮುಗಿಯುತ್ತಿದ್ದರು. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಅಪ್ಪನ ಬೇರೆ ಚಿತ್ರಗಳಿಗಾಗಿ ಹುಡುಕಿದೆ. ಅಡಿಗೆಯವನಿರಲಿಲ್ಲ, ನಾಯಿ ಇರಲಿಲ್ಲ, ಚಡ್ಡಿಗಳಿರಲಿಲ್ಲ, ತಟ್ಟೆ ಹಿಡಿದ ಸೆರೆಯಾಳುಗಳಂತೂ ಇರಲೇ ಇಲ್ಲ. ಮೇಜಿನ ಪಕ್ಕ ನಿಲ್ಲಿಸಿದ್ದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ರಣರಂಗದಲ್ಲಿ ಪ್ರಾಣ ತೆತ್ತ ಏಳು ಹುತಾತ್ಮರ ಹಣೆಗೆ ಯೋಧನ ಕುಟುಂಬವಿಟ್ಟ ರಕ್ತತಿಲಕ.

ಎರಡು ಸಲ ಓದಿದೆ. ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಮನೆಯ ಎಡೆಯ ಮುಂದೆ ಕೂತವರನ್ನು ಇವರು ಒಂದೇ ವಾಕ್ಯದಲ್ಲಿ ಇನ್ನೊಂದು ಸಲ ಕೊಂದಿದ್ದರು. ಬ್ಯಾಗಿನಲ್ಲಿ ಮಕ್ಕಳ ನೋಟ್‌ಬುಕ್ ತಿದ್ದುವ ಕೆಂಪು ಪೆನ್ನಿತ್ತು. ಏಳು ಎಂಬುದನ್ನು ಹೊಡೆದು ಇಬ್ಬರು ಎಂದು ಬರೆದೆ. ರಕ್ತತಿಲಕದಲ್ಲಿ ರಕ್ತವನ್ನು ಹೊಡೆದುಹಾಕಿದೆ.

ಅಧಿಕಾರಿ ಓಡಿ ಬಂದರು. ಇವತ್ತೂ ಕೈಯಲ್ಲಿ ಬಿಳಿ ಗವಸು.

"ಮೇಡಂ, ಏನಿದು? ಜನ ನೋಡುತ್ತಿದ್ದಾರೆ."

"ನೋಡಲಿ ಅಂತಲೇ," ಅಂದೆ. ಎಲ್ಲರಿಗೂ ಕೇಳುವ ಹಾಗೆ, ಕ್ಲಾಸಿನ ದನಿಯಲ್ಲಿ, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. "ಯುದ್ಧದಲ್ಲಿ ಸತ್ತವರು ಇವರಿಬ್ಬರು. ಇವರು ತೆಂಗಿನಮರದಿಂದ ಬಿದ್ದು ಸತ್ತವರು. ಇವರು ಕಾಮಾಲೆಯಲ್ಲಿ, ಇವರು ಬಸ್ಸಿಗೆ ಸಿಕ್ಕಿ. ಇವರಿಗೆ ಹಾವು ಕಚ್ಚಿತು. ಇವರು ಮೊಮ್ಮಕ್ಕಳ ಮುಖ ನೋಡಿಕೊಂಡು ಹಾಸಿಗೆಯಲ್ಲೇ ಹೋದರು. ಅವರಿಗೆ ಬೊಟ್ಟಿಟ್ಟದ್ದು ಹುತಾತ್ಮರು ಅಂತಲ್ಲ, ನಮ್ಮವರು ಅಂತ."

"ಅದು ನಿಜವಿರಬಹುದು," ಅವರು ದನಿ ತಗ್ಗಿಸಿದರು. "ಆದರೆ ಈ ಸಮಯದಲ್ಲಿ ಜನರಿಗೆ ಸ್ಫೂರ್ತಿ ಬೇಕಲ್ಲವೇ?"

"ಹಾಗಾದರೆ ಸುಳ್ಳಿಗೆ ಬೇರೆ ಯಾರದಾದರೂ ಹಣೆ ಹುಡುಕಿಕೊಳ್ಳಿ."

ಈ ಮಾತು ನಡೆಯುವಾಗ ಅವ್ವ ಮೇಜಿನ ಹತ್ತಿರ ಬಗ್ಗಿ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ, ಪೊಟ್ಟಣ ತೆರೆದು, ಯಾರೋ ಕುಡಿಯಲು ಕೊಟ್ಟಿದ್ದ ನೀರಿನಲ್ಲಿ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ಕಲಸುತ್ತಿದ್ದಳು. ಬರಿಹಣೆ, ಬರಿಗೈ, ಅಂಗೈ ತುಂಬ ಕೆಂಪು. ಹತ್ತಿರ ನಿಂತ ಹೆಂಗಸೊಬ್ಬಳು ಹಿಂದೆ ಸರಿದಳು.

"ಗಾಜು ತಗೀರಿ ಸಾಮಿ," ಅಂದಳು.

"ಆಗಲ್ಲಮ್ಮ. ಆವತ್ತೇ ಹೇಳಿದ್ದೇನಲ್ಲ, ನಿಯಮ."

ನಾನು ಕಾಯಲಿಲ್ಲ. ಚೆಂಡುಹೂವನ್ನು ಆಚೆ ತಳ್ಳಿ ಗಾಜಿನ ಒಂದು ತುದಿಯನ್ನು ಎರಡೂ ಕೈಯಿಂದ ಎತ್ತಿದೆ. ಅಷ್ಟು ಭಾರವಿದೆ ಎಂದು ಗೊತ್ತಿರಲಿಲ್ಲ. ಆಚೆಯ ತುದಿ ಮೇಜಿನ ಮೇಲೆ ಜಾರತೊಡಗಿತು. ಜಾರಿದರೆ ಚಿತ್ರದ ಮೇಲೇ ಬೀಳಬೇಕು. ನನಗಿಂತ ಮೊದಲು ಅದು ಹೊಳೆದದ್ದು ಅಧಿಕಾರಿಗೆ. ಅಯ್ಯೋ ಎಂದು ಕೂಗಿ ಇನ್ನೊಂದು ತುದಿಯನ್ನು ಹಿಡಿದುಬಿಟ್ಟರು. ಮೇಜಿನ ಆಚೆ ಅವರು, ಈಚೆ ನಾನು, ನಡುವೆ ಗಾಜು ಎದೆಮಟ್ಟಕ್ಕೆ ಬಂತು. ಅವರು ಬಿಡುವ ಹಾಗಿಲ್ಲ, ಇಳಿಸುವ ಹಾಗೂ ಇಲ್ಲ. ನಾನು ಇಳಿಸುವುದಿಲ್ಲ ಎಂಬುದು ನನ್ನ ಮುಖ ನೋಡಿದರೆ ತಿಳಿಯುತ್ತಿತ್ತು.

ಅವ್ವ ಗಾಜಿನ ಕೆಳಗೆ ತಲೆ ತೂರಿಸಿದಳು. ಅವಳಿಗೆ ಆತುರವೇ ಇರಲಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ, ಕತ್ತರಿಯನ್ನು ಜೇಬಿಗೆ ಸಿಕ್ಕಿಸಿಕೊಂಡು ನಗುತ್ತಿದ್ದ ಕ್ಷೌರದವನನ್ನು ಹುಡುಕಿದಳು. "ಏನಪ್ಪ, ವರ್ಸಗಟ್ಲೆ ಕಾಯಿಸ್ಬುಟ್ಟೆ ನಿನ್ನ," ಎಂದು ಅವನ ಹಣೆಗೆ ಸಾಸಿವೆಯಷ್ಟು ಇಟ್ಟಳು.

ಆಮೇಲೆ ಅವಳು ಕಡ್ಡಿಯನ್ನು ಮತ್ತೆ ಅದ್ದಿ ಕೆಳಗೆ ಬಂದಳು. ಹುಲ್ಲಿನ ಮೇಲೆ ಮಲಗಿದ ನೆರಳು, ಚಾಚಿದ ಮೊಣಕೈ, ಟೋಪಿ. ಟೋಪಿಯ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ನೆರಳಿಗೆ ಯಾಕೆ ಎಂದು ಸುತ್ತ ನಿಂತವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಅವ್ವ ಬೊಟ್ಟಿಟ್ಟಳು. ಉಳಿದ ಎಲ್ಲರದಕ್ಕಿಂತ ಕೊಂಚ ದೊಡ್ಡದಾಗಿ ಇಟ್ಟಳು. ಅಂಗೈಯನ್ನು ಸೀರೆಗೆ ಒರೆಸಿಕೊಂಡು ನೆಟ್ಟಗೆ ನಿಂತಳು.

"ಇನ್ನ ಮುಚ್ಕೊಳ್ಳಿ ಸಾಮಿ."

ಗಾಜನ್ನು ಮೆಲ್ಲಗೆ ಇಳಿಸಿದೆವು. ಪೊಲೀಸರನ್ನು ಕರೆಯುತ್ತಾರೆ ಎಂದು ನಾನು ಸೆಟೆದು ನಿಂತಿದ್ದೆ. ಕರೆದರೆ ಏನೇನು ಹೇಳಬೇಕು ಎಂಬುದೆಲ್ಲ ನಾಲಗೆಯ ತುದಿಯಲ್ಲಿತ್ತು. ಅಧಿಕಾರಿ ಬೆವರು ಒರೆಸಿಕೊಂಡು ತಮ್ಮ ಮೇಜಿಗೆ ಹೋದರು. ರಿಜಿಸ್ಟರು ತೆರೆದರು. ಹಾಳೆ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಏಳು ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಏನನ್ನೋ ಬರೆದರು. ನಾನು ಅವರ ಹೆಗಲಿನ ಮೇಲಿಂದ ಇಣುಕಿ ಓದಿದೆ. ಒಂಬತ್ತು ಕೆಂಪು ಕಲೆ. ಅದರ ಕೆಳಗೆ ಸಹಿ ಹಾಕಿದರು.

ಅವ್ವನಿಗೆ ಓದಲು ಬರುವುದಿಲ್ಲ. ನನ್ನ ತೋಳು ಹಿಡಿದು ಕೇಳಿದಳು.

"ಏನ್ ಬರ್ಕೊಂಡ್ರು?"

"ಒಂಬತ್ತು ಅಂತ," ಅಂದೆ.

ಅವ್ವ ಬೆರಳು ಮಡಿಸುತ್ತಾ ಎಣಿಸಿದಳು. ಹಲ್ಲುಬ್ಬ, ಉದ್ದಮೂಗು, ಪೇಟದೋನು, ಅಡಿಗೆಯೋನು ಎಂದು ಶುರು ಮಾಡಿ, ಎಂಟಕ್ಕೆ ಕ್ಷೌರದವನನ್ನು ಮುಟ್ಟಿದಳು. ಒಂಬತ್ತನೆಯ ಬೆರಳು ಮಡಿಸಿ ಅದನ್ನು ಇನ್ನೊಂದು ಕೈಯಿಂದ ಸ್ವಲ್ಪ ಹೊತ್ತು ಹಿಡಿದುಕೊಂಡಳು.

"ಸರ್ಯಾಗ್ ಬರ್ದವ್ರೆ. ನಡಿ, ಬಸ್ಸು ಓದಾತು."